ಹತ್ತರ ಜೂಮು ಮತ್ತು ನಾನೂರು ಮೀಟರ್

2002ರ ನವೆಂಬರಿನ ಒಂದು ಶನಿವಾರ ಬೆಳಗಾವಿಯಲ್ಲಿ ನಡೆದ ಜಿಲ್ಲಾ ಮಟ್ಟದ ಪ್ರೌಢಶಾಲಾ ಕ್ರೀಡಾಕೂಟದಲ್ಲಿ ಬಾಲಕಿಯರ ನಾನೂರು ಮೀಟರ್ ಓಟದ ಅಂತಿಮ ಸುತ್ತು ಎರಡು ಸಲ ನಡೆಯಿತು. ಆ ದಿನ ಮೈದಾನದಲ್ಲಿ ಎರಡು ಡಿಜಿಟಲ್ ಕ್ಯಾಮೆರಾಗಳಿದ್ದವು. ಒಂದು ನಮ್ಮ ಪತ್ರಿಕೆಯ ಫೋಟೊಗ್ರಾಫರ್ ಅಣ್ಣಪ್ಪನ ಕೈಯಲ್ಲಿತ್ತು. ಇನ್ನೊಂದು ನನ್ನ ಕೊರಳಲ್ಲಿ ತೂಗುತ್ತಿತ್ತು.

ವರದಿ ಬರೆದೇ ತಲೆಗೂದಲು ಬೆಳ್ಳಗಾದವನಿಗೆ ಹೀಗೆ ಶುರು ಮಾಡಿಯೇ ರೂಢಿ. ಯಾವಾಗ, ಎಲ್ಲಿ, ಏನು ಎಂಬುದನ್ನು ಮೊದಲ ಸಾಲಿನಲ್ಲಿ ಹೇಳದಿದ್ದರೆ ಸಾರಿಗೆ ಉಪ್ಪು ಹಾಕಲು ಮರೆತವನ ಹಾಗೆ ಚಡಪಡಿಸುತ್ತೇನೆ. ಹೆಂಡತಿ ಸಂತೆಯಿಂದ ಏನು ತಂದೆ ಎಂದು ಕೇಳಿದರೂ ನನ್ನ ಉತ್ತರ ಸ್ಥಳ, ಸಮಯದಿಂದಲೇ ಆರಂಭವಾಗುತ್ತದೆ ಎಂಬುದು ಅವಳ ದೂರು. ಇದು ವರದಿಯಲ್ಲ, ನೆನಪು. ಆದ್ದರಿಂದ ಇನ್ನು ಮುಂದೆ ಅತ್ತಿತ್ತ ಅಡ್ಡಾಡಿದರೆ ನೀವು ಬೇಸರ ಮಾಡಿಕೊಳ್ಳಬಾರದು.

ಮೊನ್ನೆ ಟಿಳಕವಾಡಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಎದುರು ಸಾಲಿನ ಹಿರಿಯರೊಬ್ಬರು ಎಲೆಗೆ ಹೋಳಿಗೆ ಬಿದ್ದದ್ದನ್ನೂ ಗಮನಿಸದೆ, ಫೋನಿನಲ್ಲಿ ಹಳೆಯ ಗುಂಪು ಫೋಟೊ ಒಂದನ್ನು ಎರಡು ಬೆರಳಿಟ್ಟು ಹಿಗ್ಗಿಸುತ್ತಿದ್ದರು. ಹಿಗ್ಗಿಸಿದರು, ಇನ್ನಷ್ಟು ಹಿಗ್ಗಿಸಿದರು. "ಇಂವ ನಮ್ಮ ಶಿವಾನಂದ ಹೌದಲ್ಲೋ?" ಎಂದು ಬಾಜುವಿನವರಿಗೆ ತೋರಿಸಿದರು.

ಬಾಜುವಿನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಮನಷ್ಯಾ ಹೌದೋ ಅಲ್ಲೋ, ಅದನ್ನರ ಮೊದಲ ಹೇಳಪಾ."

ನಾನು ನಗುತ್ತ ನಗುತ್ತ ಎಲೆಯ ಮೇಲಿನ ಅನ್ನವನ್ನು ಮರೆತೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಾನೂ ಒಂದು ಫೋಟೊವನ್ನು ಹೀಗೆಯೇ ಹಿಗ್ಗಿಸಿದ್ದೆ. ಆಗ ನನ್ನ ಬೆನ್ನ ಹಿಂದೆ ಒಂದು ಗುಂಪೇ ಉಸಿರು ಬಿಗಿಹಿಡಿದು ನಿಂತಿತ್ತು.

ಅದಕ್ಕೂ ಮೊದಲು ಒಂದು ಭೂತಗನ್ನಡಿಯ ವಿಷಯ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ. ಅಪ್ಪ ಹಂಚಿನ ಕಾರ್ಖಾನೆಯ ಗುಮಾಸ್ತ. ನಮ್ಮ ಗೋಡೆ, ಅಂಗಳ, ನನ್ನ ಶಾಲೆಯ ಚಡ್ಡಿ ಎಲ್ಲಕ್ಕೂ ಒಂದೇ ಕೆಂಪು ಮಣ್ಣಿನ ಬಣ್ಣ. ಅಜ್ಜ ಮಧ್ಯಾಹ್ನದ ಬಸ್ಸಿಗೆ ಬರುವ ಪತ್ರಿಕೆಯನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಅವರು ನಿದ್ದೆ ಹೋದಾಗ ಅದು ನನ್ನ ಪಾಲು. ಒಮ್ಮೆ ಪತ್ರಿಕೆಯಲ್ಲಿ ಒಬ್ಬ ಪೈಲ್ವಾನನ ಫೋಟೊ ಬಂದಿತ್ತು. ಅವನ ಮೀಸೆಯ ಕೂದಲನ್ನು ಒಂದೊಂದಾಗಿ ನೋಡಬೇಕೆಂದು ಗಾಜನ್ನು ಹತ್ತಿರ ಹತ್ತಿರ ಒಯ್ದೆ. ಮೀಸೆ ಮಾಯವಾಯಿತು. ಮೂಗು ಹೋಯಿತು. ಕೊನೆಗೆ ಇಡೀ ಪೈಲ್ವಾನನೇ ಹೋಗಿ, ಯಾರೋ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕಿಗಳು ಉಳಿದವು. ಹೆದರಿ ಅಜ್ಜನನ್ನು ಎಬ್ಬಿಸಿದೆ.

"ಅಜ್ಜಾ, ಪೈಲ್ವಾನ ಎಲ್ಲಿ ಹ್ವಾದಾ?"

ಅಜ್ಜ ಕಣ್ಣು ತೆರೆಯದೆಯೇ ಹೇಳಿದರು: "ಹಿಂದ ಸರಿ, ಬರ್ತಾನ."

ಅದೇ ವರ್ಷ ಮಿಲಿಟ್ರಿಯಲ್ಲಿದ್ದ ಸೋದರಮಾವ ರಜೆಗೆ ಬರುವಾಗ ಒಂದು ದುರ್ಬೀನು ತಂದಿದ್ದರು. ಮಲಪ್ರಭೆಯ ದಂಡೆಯಲ್ಲಿ ನಿಂತು ರೈಲು ಸೇತುವೆಯತ್ತ ಹಿಡಿದುಕೊಟ್ಟರು. ಗಾಡಿ ಬಂತು. ಬರಿಗಣ್ಣಿಗೆ ಬೆಂಕಿಪೆಟ್ಟಿಗೆಗಳ ಸಾಲಿನಂತೆ ಕಾಣುತ್ತಿದ್ದ ಗಾಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳ ಬಳೆ ಹಸಿರು! ನಾನು ಕೈ ಚಾಚಿ ಮುಂದೆ ನಡೆದೆ. "ಏ ಹುಚ್ಚಾ, ನೀರಾಗ ಬೀಳ್ತಿ" ಎಂದು ಮಾಮಾ ಅಂಗಿಯ ಕಾಲರ್ ಹಿಡಿದು ಎಳೆದರು.

ಒಂದು ಗಾಜು ವಸ್ತುವನ್ನೇ ಹತ್ತಿರ ತಂದಿತ್ತು. ಇನ್ನೊಂದು ಗಾಜು ವಸ್ತುವಿನ ಚಿತ್ರವನ್ನು ದೊಡ್ಡದು ಮಾಡಿತ್ತು. ಚಿತ್ರದಲ್ಲಿ ಇಲ್ಲದ ಮೀಸೆ ಎಷ್ಟು ದೊಡ್ಡದು ಮಾಡಿದರೂ ಬರುವುದಿಲ್ಲ. ಡಿಜಿಟಲ್ ಕ್ಯಾಮೆರಾ ಕೊಳ್ಳುವವನು ತಿಳಿದಿರಬೇಕಾದದ್ದೆಲ್ಲ ನನಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು. ಆದರೆ ಬುದ್ಧಿ ಬೆಳೆದಂತೆ ಅದನ್ನು ಮರೆತೆ.

ನಮ್ಮ ಬೆಳಗಾವಿ ಕಚೇರಿಯಲ್ಲಿ ಅಲ್ಲಿಯವರೆಗೆ ಎಲ್ಲವೂ ಫಿಲ್ಮ್ ರೋಲಿನ ಕಾರಭಾರ. ಖಾನಾಪುರದ ನಮ್ಮ ಬಾತ್ಮೀದಾರರು ಫೋಟೊ ತೆಗೆದರೆ ರೋಲನ್ನು ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಾವು ಬಸ್ ನಿಲ್ದಾಣದಲ್ಲಿ ಕಾದು, ಕಂಡಕ್ಟರನ ಜೇಬಿನಿಂದ ಸುದ್ದಿಯನ್ನು ಬಿಡಿಸಿಕೊಳ್ಳುತ್ತಿದ್ದೆವು. ರೋಲಿನಲ್ಲಿ ಇನ್ನೂ ನಾಲ್ಕೈದು ಫೋಟೊ ಉಳಿದಿದ್ದರೆ ಅಣ್ಣಪ್ಪನ ಜೀವ ಒಪ್ಪುತ್ತಿರಲಿಲ್ಲ. ಕಚೇರಿಯ ಬೆಕ್ಕಿನದೋ ನನ್ನದೋ ಫೋಟೊ ತೆಗೆದು ಉಳಿದದ್ದನ್ನು ಮುಗಿಸಿ ತೊಳೆಯಲು ಒಯ್ಯುತ್ತಿದ್ದ. ಹಾಗಾಗಿ ಆ ಕಾಲದ ದೊಡ್ಡ ದೊಡ್ಡ ರಾಜಕೀಯ ಸಭೆಗಳ ನೆಗೆಟಿವ್‌ಗಳ ತುದಿಯಲ್ಲಿ ಒಂದು ಬೆಕ್ಕೂ ಒಬ್ಬ ವರದಿಗಾರನೂ ಕಡ್ಡಾಯವಾಗಿ ಇದ್ದೇ ಇರುತ್ತೇವೆ.

ಕ್ರೀಡಾಕೂಟದ ಹಿಂದಿನ ಸೋಮವಾರ ಕ್ಯಾಮೆರಾ ಅಂಗಡಿಯವರು ಎರಡು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. "ಶನಿವಾರ ತನಕ ವಾಪರಿಸಿ ನೋಡ್ರಿ. ಯಾವುದು ಚೊಲೊ ಅನಸ್ತೈತಿ ಅದನ್ನ ಇಟಗೋರಿ" ಎಂದರು. ಬ್ಯೂರೋ ಮುಖ್ಯಸ್ಥ ಹಿರೇಮಠ ಸರ್ ಎರಡನ್ನೂ ಬಾಂಬು ಮುಟ್ಟುವಂತೆ ಬೆರಳ ತುದಿಯಿಂದ ಮುಟ್ಟಿದರು.

ಒಂದು ಪೆಟ್ಟಿಗೆಯ ಮೇಲೆ ಸಿನಿಮಾ ಪೋಸ್ಟರಿನ ಅಕ್ಷರದಲ್ಲಿ '10X' ಎಂದಿತ್ತು. ಇನ್ನೊಂದರ ಮೇಲೆ ಮೂಲೆಯಲ್ಲಿ ಸಣ್ಣದಾಗಿ '3X'. ಹತ್ತು ದೊಡ್ಡದೋ ಮೂರು ದೊಡ್ಡದೋ? ನಾನು ಹತ್ತನ್ನು ಎತ್ತಿಕೊಂಡೆ. ಗುಂಡಿ ಒತ್ತಿದರೆ ಆಮೆ ತಲೆ ಚಾಚಿದಂತೆ ಲೆನ್ಸು ಹೊರಗೆ ಬಂತು. ಕಿಟಕಿಯಿಂದ ಎದುರು ಓಣಿಯ ಮಹಡಿಗೆ ಗುರಿಯಿಟ್ಟೆ. ಅಲ್ಲಿ ಒಣಗಲು ಹಾಕಿದ್ದ ಹಪ್ಪಳ ನನ್ನ ಕೈಗೇ ಬಂತು! ಹಿಂದಿನ ಪುಟ್ಟ ಪರದೆಯಲ್ಲಿ ಹಪ್ಪಳದ ಮೇಲಿನ ಜೀರಿಗೆಯೂ ಕಂಡಂತಾಯಿತು. ತೊಳೆಯುವುದಿಲ್ಲ, ಕಾಯುವುದಿಲ್ಲ, ಕಂಡಕ್ಟರನಿಲ್ಲ. ಆ ವಾರ ನಾನು ಕಂಡಕಂಡದ್ದನ್ನೆಲ್ಲ ಹತ್ತಿರ ಎಳೆದೆ. ಮನೆಯ ತಾರಸಿಯಿಂದ ನೀರಿನ ಟಾಕಿ, ಟಾಕಿಯ ಮೇಲಿನ ಕಾಗೆ, ಕಾಗೆಯ ಬಾಯಲ್ಲಿನ ರೊಟ್ಟಿ ಚೂರು. ಹೆಂಡತಿ, "ಅದು ನಮ್ಮ ಮನೀ ರೊಟ್ಟಿನ, ಫೋಟೊ ತಗೀಬ್ಯಾಡ್ರಿ, ಕಾಗಿ ಓಡಸ್ರಿ" ಎಂದಳು.

ಅಣ್ಣಪ್ಪನಿಗೆ ಎರಡರ ಮೇಲೂ ನಂಬಿಕೆ ಇರಲಿಲ್ಲ. ಪೀರನವಾಡಿಯಿಂದ ಲೂನಾ ಮೇಲೆ ಬರುತ್ತಿದ್ದ ಅವನು ಆ ವಾರವೂ ಹಳೆಯ ರೋಲಿನ ಕ್ಯಾಮೆರಾವನ್ನೇ ಹೆಗಲಿಗೆ ಹಾಕಿಕೊಂಡು ಬಂದ. ಹೊಸದನ್ನು ಚೀಲದಲ್ಲಿ ಡಬ್ಬಿಯ ಬಾಜುವಿಗೆ ಇಟ್ಟುಕೊಂಡಿದ್ದ. ಆದರೆ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನು ಓದಿದವನು ಅವನೊಬ್ಬನೇ. ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಕೇಳಿದ:

"ಲೇ ದೋಸ್ತಾ, ನಿನ್ನ ಹತ್ತರಾಗ ಖರೇ ಎಷ್ಟು, ಖೊಟ್ಟಿ ಎಷ್ಟು ನೋಡೀಯೇನು? ಕೆಳಗ ಬರದಾರ. ಗಾಜಿಂದು ಎರಡು, ಡಿಜಿಟಲ್ಲಿಂದು ಐದು. ಎರಡೈದಲೆ ಹತ್ತು."

"ಹತ್ತು ಆತಲ್ಲ ಮತ್ತ?"

ಬಡಿಸುವಾಕೆ ಆಗಷ್ಟೇ ಹಾಕಿಹೋದ ರೊಟ್ಟಿಯನ್ನು ಅವನು ಎತ್ತಿ ಹಿಡಿದ. "ಹಿಟ್ಟಿನ ಉಂಡಿ ಇಷ್ಟ ಐತಿ ಅನ್ನು. ಬಡಕೊಂತ ಹ್ವಾದಿ ಅಂದ್ರ ರೊಟ್ಟಿ ದೊಡ್ಡದು ಆಗತೈತಿ. ಹಿಟ್ಟು ಹೆಚ್ಚಾತೇನು? ನಿನ್ನ ಐದರ ಜೂಮು ಅಂದ್ರ ಇಷ್ಟ. ಇದ್ದ ಹಿಟ್ಟು ಬಡಿಯೂದು. ಹರೀತೈತಿ ಅದು, ನೋಡು ಬೇಕಾದ್ರ."

ಅವನ ಕ್ಯಾಮೆರಾದ ಮೂರು ಪೂರ್ತಿ ಗಾಜಿನದು. ಮೇಲಾಗಿ ನನ್ನದರಲ್ಲಿ ಒಂದು ಫೋಟೊಕ್ಕೆ ಹದಿಮೂರು ಲಕ್ಷ ಚುಕ್ಕಿ, ಅಂದರೆ ಪಿಕ್ಸೆಲ್, ಅವನದರಲ್ಲಿ ಮೂವತ್ತು ಲಕ್ಷ. ಹಿಟ್ಟಿನ ಉಂಡಿಯೇ ದೊಡ್ಡದು. ನಾನು ಸೋಲೊಪ್ಪಲಿಲ್ಲ. ಪರದೆಯಲ್ಲಿ ಕಂಡ ಹಪ್ಪಳ ಸುಳ್ಳೇ? "ಶನಿವಾರ ಆಟದ ಮೈದಾನಕ್ಕ ಬಾ, ಯಾರದು ಚೊಲೊ ಬರತೈತಿ ನೋಡೂಣು" ಎಂದೆ. ಪಂತಕ್ಕೆ ಬೆಳಗಾವಿಯ ಹಾಲಿನ ಸಿಹಿ ಕುಂದಾ ಒಂದು ಡಬ್ಬಿ ಇಟ್ಟೆವು.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿಯನ್ನೂ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಫೋಟೊಗಳು ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಟೆಲಿಫೋನ್ ತಂತಿಯ ಮೇಲೆ ಹೋಗಬೇಕಿತ್ತು. ಫೋಟೊ ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ನಡುವೆ ಯಾರಾದರೂ ಒಳಗಿನ ಕೋಣೆಯ ಫೋನ್ ಎತ್ತಿದರೆ ಕಥೆ ಮುಗಿಯಿತು. ಒಮ್ಮೆ ಹಿರಿಯ ಮುಖಂಡರೊಬ್ಬರ ಫೋಟೊ ಕಳಿಸುವಾಗ ಹಿರೇಮಠ ಸರ್ ಮನೆಗೆ ಫೋನ್ ಮಾಡಲು ರಿಸೀವರ್ ಎತ್ತಿದರು. ಹುಬ್ಬಳ್ಳಿಯಿಂದ ಕೂಡಲೇ ಕೂಗು: "ರುಮಾಲು ಬಂದೈತ್ರಿ, ಮುಖ ಎಲ್ಲೈತಿ?" ಅಂದಿನಿಂದ ಫೋಟೊ ಸ್ಕ್ಯಾನ್ ಮಾಡುವಾಗ ಎಲ್ಲಕ್ಕಿಂತ ಚಿಕ್ಕ ಅಳತೆಗೆ ಇಡಬೇಕೆಂದು ಅಪ್ಪಣೆಯಾಗಿತ್ತು. ಪತ್ರಿಕೆಯಲ್ಲಿ ಎರಡು ಕಾಲಮ್ಮಿಗೆ ಅದು ಸಾಕಾಗುತ್ತಿತ್ತು ಕೂಡ. ಶಿಸ್ತಿನ ಮನುಷ್ಯನಾದ ನಾನು ಹೊಸ ಕ್ಯಾಮೆರಾದಲ್ಲೂ ಮೊದಲ ದಿನವೇ ಅಳತೆಯನ್ನು ಚಿಕ್ಕದಕ್ಕೆ ಇಳಿಸಿಟ್ಟೆ. ಹಾಗೆ ಇಟ್ಟರೆ ಕಾರ್ಡಿನಲ್ಲಿ ಫೋಟೊಗಳೂ ಬೇಕಾದಷ್ಟು ಹಿಡಿಯುತ್ತಿದ್ದವು. ಹದಿಮೂರು ಲಕ್ಷ ಚುಕ್ಕಿಯ ಕ್ಯಾಮೆರಾವನ್ನು ಮೂರು ಲಕ್ಷಕ್ಕೆ ಇಳಿಸಿ, ಅದರ ಮೇಲೆ ಹತ್ತರ ಜೂಮು ಹಾಕಿ, ನಾನು ಬೆಳಗಾವಿಯ ರಾಜನಂತೆ ತಿರುಗುತ್ತಿದ್ದೆ.

ಅಣ್ಣಪ್ಪ ಅಪ್ಪಣೆ ಪಾಲಿಸಲಿಲ್ಲ. ಕತ್ತಲೆ ಕೋಣೆಯಲ್ಲಿ ಪಳಗಿದವನು. ಮೊದಲು ಎಲ್ಲವನ್ನೂ ಅಗಲವಾಗಿ ತೆಗೆದುಬಿಡು, ಬೇಕಾದದ್ದನ್ನು ಆಮೇಲೆ ಪ್ರಿಂಟು ಹಾಕುವಾಗ ಕತ್ತರಿಸು ಎಂಬುದು ಅವನ ವಿದ್ಯೆ. ಆದ್ದರಿಂದ ಅತಿ ದೊಡ್ಡ ಅಳತೆಗೆ ಇಟ್ಟಿದ್ದ. ಕಾರ್ಡಿನಲ್ಲಿ ಹಿಡಿಯುವುದು ಬೆರಳೆಣಿಕೆಯಷ್ಟು ಫೋಟೊ. "ರೋಲಿನಕಿಂತ ಕಡಿಮಿ. ಇದೇನು ಸುಧಾರಣಾ?" ಎಂದು ಗೊಣಗುತ್ತಿದ್ದ.

ಶನಿವಾರ ಬಂತು. ಮೈದಾನ ಸುಣ್ಣದ ಗೆರೆಗಳಿಂದ ಮಿಂಚುತ್ತಿತ್ತು. ನಾನೂರು ಮೀಟರಿನ ಮೇಲೆ ಎಲ್ಲರ ಕಣ್ಣು, ಏಕೆಂದರೆ ಗೆದ್ದ ಒಬ್ಬಳು ಮಾತ್ರ ರಾಜ್ಯ ಕೂಟಕ್ಕೆ ಹೋಗುವವಳು. ಖಾನಾಪುರದ ದೈಹಿಕ ಶಿಕ್ಷಕ ಪಾಟೀಲ ಸರ್ ನನ್ನ ಹಳೆಯ ಪರಿಚಯ. ಬೆಳಿಗ್ಗೆಯೇ ನನ್ನನ್ನು ಹಿಡಿದುಕೊಂಡು ತಮ್ಮ ಹುಡುಗಿಯನ್ನು ತೋರಿಸಿದರು. ಹೆಸರು ರೇಣುಕಾ, ಹತ್ತನೆಯ ಇಯತ್ತೆ. ಮನೆಯವರು ಕುರಿ ಸಾಕುವವರು. ಬರಿಗಾಲಲ್ಲಿ ನಿಂತು ಕಾಲ್ಬೆರಳಿನಿಂದ ನೆಲ ಕೆದರುತ್ತಿದ್ದಳು.

"ಈಕಿ ರಾಜ್ಯಕ್ಕ ಹ್ವಾದ್ರ ಕ್ರೀಡಾ ಹಾಸ್ಟೆಲಿನ್ಯಾಗ ಸೀಟು ಸಿಗತೈತ್ರಿ. ಇಲ್ಲಾಂದ್ರ ಹತ್ತನೇತ್ತಿಗೆ ಸಾಲಿ ಮುಗೀತು. ಮನ್ಯಾಗ ಆಗಲೇ ವರ ನೋಡಾಕ ಹತ್ಯಾರ" ಎಂದರು ಪಾಟೀಲ ಸರ್. ಅವಳ ತಾಯಿಯೂ ಬಂದಿದ್ದರು. ದೇಸೂರಿನ ಮೇಲೆ ಹಾಯ್ದು ಬರುವ ಮುಂಜಾನೆಯ ರೈಲುಗಾಡಿಯಿಂದ ಮಗಳೊಂದಿಗೆ ಇಳಿದು, ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು.

ರೇಣುಕಾಳಿಗೆ ಎದುರಾಳಿ ಶಿವಬಸವ ನಗರದ ಶ್ವೇತಾ. ಪೇಟೆಯಲ್ಲಿ ಬಟ್ಟೆ ಅಂಗಡಿ ಇದ್ದ ಅವಳ ತಂದೆ ಸ್ಕೂಟರನ್ನು ಮೈದಾನದ ಅಂಚಿಗೇ ತಂದು ನಿಲ್ಲಿಸಿದ್ದರು.

ಹತ್ತರ ಜೂಮು ಇರುವವನು ಗೆರೆಯ ಹತ್ತಿರ ಯಾಕೆ ನಿಲ್ಲಬೇಕು? ನಾನು ಮುಕ್ತಾಯದ ಗೆರೆಗೆ ನೇರವಾಗಿ, ಆದರೆ ಮೆಟ್ಟಿಲುಗಳ ತುತ್ತ ತುದಿಯಲ್ಲಿ, ನೆರಳು ನೋಡಿ ಚಹಾದೊಂದಿಗೆ ಕೂತೆ. ಪಂತಕ್ಕಾಗಿ ಅಂದು ರೋಲಿನ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟುಬಂದಿದ್ದ ಅಣ್ಣಪ್ಪ ಹೊಸದನ್ನು ಹಿಡಿದು ಕೆಳಗಿನ ಮೆಟ್ಟಿಲಲ್ಲಿ ಬಿಸಿಲಿಗೆ ನಿಂತಿದ್ದ. ಸೀಟಿ ಊದಿದರು. ಹುಡುಗಿಯರು ಓಡಿದರು! ಮೊದಲ ತಿರುವಿನಲ್ಲಿ ಶ್ವೇತಾ ಮುಂದೆ. ಮೈದಾನದ ಆಚೆ ಬದಿಯಲ್ಲಿ ರೇಣುಕಾ ನುಗ್ಗಿದಳು. ಕೊನೆಯ ತಿರುವು ಬಿಟ್ಟು ಹೊರಬಂದಾಗ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಬರುತ್ತಿದ್ದರು. ಇಬ್ಬರದೂ ಬಿಳಿ ಅಂಗಿ, ಎದೆಯ ಮೇಲೆ ನಂಬರು. ಮೈದಾನವೆಲ್ಲ ಎದ್ದು ನಿಂತಿತು. ನನ್ನ ಚಹಾ ಯಾರದೋ ಟೋಪಿಯ ಮೇಲೆ ಚೆಲ್ಲಿತು. ಗುಂಡಿ ಒತ್ತಿದ ಮೇಲೆ ಆ ಕ್ಯಾಮೆರಾ ಒಂದು ಕ್ಷಣ ಯೋಚಿಸುತ್ತಿತ್ತು. ಅದು ಗೊತ್ತಿದ್ದರಿಂದ ಗೆರೆಯ ಮೇಲೆ ಅಡ್ಡ ಹಿಡಿದಿದ್ದ ದಾರಕ್ಕೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ಒತ್ತಿದೆ. ಟಕ್. ಸಿಕ್ಕಿತು!

ಕೆಳಗೆ ಗದ್ದಲ. ಗೆರೆಯ ಹತ್ತಿರ ನಿಂತ ತೀರ್ಪುಗಾರರಲ್ಲಿ ಒಬ್ಬರು ರೇಣುಕಾ ಎಂದರು, ಒಬ್ಬರು ಶ್ವೇತಾ ಎಂದರು. ಮೂರನೆಯವರು ದಾರದ ಗಂಟು ಬಿಚ್ಚಿಹೋಗುತ್ತಿದೆ ಎಂದು ಅದನ್ನೇ ನೋಡುತ್ತಿದ್ದರಂತೆ. ಶ್ವೇತಾಳ ತಂದೆ, "ನಮ್ಮ ಹುಡುಗಿ ಕೈ ಮುಂದಿತ್ರೀ, ನಾ ಕಣ್ಣಾರೆ ನೋಡೀನಿ" ಎಂದರು. ಮುಖ್ಯ ತೀರ್ಪುಗಾರರು, "ಕೈ ಅಲ್ರೀ ಯಜಮಾನ್ರ, ತಲಿನೂ ಅಲ್ಲ, ಕಾಲೂ ಅಲ್ಲ. ಎದಿ ಯಾರದು ಮೊದಲ ಗೆರಿ ಮುಟ್ಟತೈತಿ, ಅವರದು" ಎಂದರು.

ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದೆ. ಕ್ಯಾಮೆರಾವನ್ನು ತಲೆಯ ಮೇಲೆತ್ತಿ, "ನನ್ನ ಕಡೆ ಐತ್ರೀ! ನನ್ನ ಕಡೆ ಐತಿ!" ಎಂದು ಕೂಗಿದೆ. ಹೊಟ್ಟೆಪಾಡಿಗೆ ಬರೀ ಇದ್ದದ್ದನ್ನು ಬರೆಯುವವನು ಆ ಕ್ಷಣ ನಾನೇ ಸುದ್ದಿಯಾಗಿದ್ದೆ. ಬೆಂಕಿಪೆಟ್ಟಿಗೆಯಷ್ಟಗಲದ ಪರದೆಯ ಮೇಲೆ ಎಲ್ಲರೂ ಮುಗಿಬಿದ್ದರು. ಬಿಳಿ ಅಂಗಿ, ದಾರ, ಮುಂದೆ ಬಾಗಿದ ಒಂದು ಎದೆ.

"ನಮ್ಮಾಕಿನ!" ಎಂದು ಪಾಟೀಲ ಸರ್ ಕೂಗಿದರು.

"ನಮ್ಮಾಕಿನ!" ಎಂದು ಶ್ವೇತಾಳ ತಂದೆಯೂ ಅದೇ ಎದೆಯನ್ನು ತೋರಿಸಿ ಕೂಗಿದರು.

ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡೋಣ, ಅದರಲ್ಲಿ ನಂಬರು ಕಾಣುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ನಮ್ಮ ಕಚೇರಿ ಎರಡು ಓಣಿ ಆಚೆ. ತೀರ್ಪುಗಾರರು, ಪಾಟೀಲ ಸರ್, ಬಟ್ಟೆ ಅಂಗಡಿಯ ಯಜಮಾನರು, ರೇಣುಕಾಳ ತಾಯಿ ಎಲ್ಲರೂ ಮೆರವಣಿಗೆಯಂತೆ ಹೊರಟೆವು. ಫೋನಿನಲ್ಲಿ ಸುದ್ದಿ ಹೇಳುತ್ತಿದ್ದ ಹಿರೇಮಠ ಸರ್ ಒಳಗೆ ನುಗ್ಗಿದ ಗುಂಪನ್ನು ನೋಡಿ ರಿಸೀವರ್ ಕೆಳಗಿಟ್ಟರು. "ಏನ್ರೀ, ಮೋರ್ಚಾ ಬಂದೈತೇನು?"

ಹುಡುಗಿಯರಿಬ್ಬರೂ ಒಳಗೆ ಬರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತರು.

ನನ್ನ ಫೋಟೊ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಎಲ್ಲರ ಉಸಿರು ನನ್ನ ಕುತ್ತಿಗೆಯ ಮೇಲೆ. ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಅಂಗಿ ಚೌಕಗಳಾಯಿತು. ನಂಬರು ಎರಡು ಬೂದು ಚೌಕವಾಯಿತು. ದಾರ ಎಲ್ಲಿಗೋ ಹೋಯಿತು. ಅರ್ಧ ಬಿಳಿ, ಅರ್ಧ ಕಂದು, ಖಾನಾಪುರದ ಕಾರ್ಖಾನೆಯ ಹಂಚನ್ನು ಯಾರೋ ಒಡೆದು ಸುಣ್ಣದಲ್ಲಿ ಹರಡಿದಂತೆ ಇತ್ತು.

ರೇಣುಕಾಳ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಪರದೆಯ ಹತ್ತಿರ ಬಾಗಿ ನೋಡಿದರು. "ಯಪ್ಪಾ, ಇದರಾಗ ನಮ್ಮಾಕಿ ಯಾವಾಕಿ?"

ಅಣ್ಣಪ್ಪ ಬಾಗಿ ನನ್ನ ಕಿವಿಯಲ್ಲಿ, "ಹರೀತೋ ರೊಟ್ಟಿ?" ಎಂದ.

ಅವನ ಕಾರ್ಡು ಹಾಕಿದೆವು. ಅವನ ಫೋಟೊ ನೋಡಿ ಮೊದಲು ಎಲ್ಲರಿಗೂ ನಿರಾಸೆ. ಇಡೀ ಮೈದಾನವೇ ಅದರಲ್ಲಿತ್ತು: ಬಹುಮಾನದ ಮೇಜು, ಛತ್ರಿ, ಸ್ಕೂಟರು, ತೀರ್ಪುಗಾರರು, ನಡುವೆ ಹೆಬ್ಬೆಟ್ಟಿನಷ್ಟು ಇಬ್ಬರು ಹುಡುಗಿಯರು. "ಇಷ್ಟು ದೂರದಿಂದ ತಗದ್ರ ಏನ್ ಕಾಣತೈತ್ರಿ?" ಎಂದರು ಯಜಮಾನರು. ಅಣ್ಣಪ್ಪ ಮೌಸನ್ನು ನನ್ನ ಕೈಯಿಂದ ಕಿತ್ತುಕೊಂಡು ನಡುವಿನ ಭಾಗವನ್ನಷ್ಟೇ ಹಿಗ್ಗಿಸಿದ. ಹುಡುಗಿಯರು ಬೆಳೆದರು. ಇನ್ನೂ ಬೆಳೆದರು. ಮುಖ ಮುಖವಾಗಿಯೇ ಉಳಿಯಿತು! ನಂಬರು ಕಂಡಿತು. ರೇಣುಕಾಳ ಕಚ್ಚಿದ ತುಟಿ, ಶ್ವೇತಾಳ ಹಾರಿದ ಜಡೆ, ಅವಳು ಎಡಗೈ ಮುಂದೆ ಚಾಚಿದ್ದು, ದಾರದ ಗಂಟನ್ನೇ ನೋಡುತ್ತಿದ್ದ ಮೂರನೆಯ ತೀರ್ಪುಗಾರರು, ಎಲ್ಲ ಕಂಡವು. ಕೋಣೆಯಲ್ಲಿ "ಓಹೋ" ಎಂಬ ಶಬ್ದವೆದ್ದಿತು. ನಾನು ಸೋತವನೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

ಆಮೇಲೆ ಎದೆ. ಅಣ್ಣಪ್ಪ ಗೆರೆಯ ಹತ್ತಿರ ಹಿಗ್ಗಿಸಿದ. ಎರಡು ಎದೆಗಳು ದಾರದ ಮೇಲೆ. ಇನ್ನಷ್ಟು ಹಿಗ್ಗಿಸಿದ. ಈಗ ಅವನ ಫೋಟೊದಲ್ಲೂ ಅಂಚುಗಳು ಚೌಕವಾಗತೊಡಗಿದವು. ರೇಣುಕಾಳ ಅಂಗಿಯ ಅಂಚಿಗೂ ಶ್ವೇತಾಳ ಅಂಗಿಯ ಅಂಚಿಗೂ ನಡುವೆ ಒಂದೇ ಒಂದು ಚೌಕ. ಅದು ಬಿಳಿಯೂ ಅಲ್ಲ, ಕಂದೂ ಅಲ್ಲ. ಮೂವತ್ತು ಲಕ್ಷ ಚುಕ್ಕಿಯಲ್ಲಿ ಆ ಒಂದು ಚುಕ್ಕಿ ಯಾರ ಅಂಗಿಗೆ ಸೇರಿದ್ದು ಎಂದು ಜಿಲ್ಲೆಯ ಹಿರಿಯರೆಲ್ಲ ಚರ್ಚೆಗಿಳಿದರು.

"ಅದು ಅಂಗಿನ."

"ನೆರಳ್ರೀ ಅದು."

"ಒಂದೀಟು ಇನ್ನ ದೊಡ್ಡದು ಮಾಡ್ರಿ."

"ಇದಕ್ಕಿಂತ ದೊಡ್ಡದು ಮಾಡಿದ್ರ ಮತ್ತ ಅದ ಚೌಕ ದೊಡ್ಡದು ಕಾಣತೈತಿ" ಎಂದ ಅಣ್ಣಪ್ಪ.

ಹೊರಗೆ ಹೊತ್ತು ಇಳಿಯುತ್ತಿತ್ತು. ಮುಖ್ಯ ತೀರ್ಪುಗಾರರು ಬೆವರೊರೆಸಿಕೊಂಡು, ಇಬ್ಬರ ಹೆಸರಿನ ಚೀಟಿ ಎತ್ತೋಣವೇ ಎಂದರು. ರೇಣುಕಾಳ ತಾಯಿ ಬುತ್ತಿಯ ಗಂಟನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. "ಚೀಟಿ ಬ್ಯಾಡ್ರೀ" ಎಂದರು ಪಾಟೀಲ ಸರ್. "ಹುಡುಗಿ ಓಡಿ ಗೆಲ್ಲಲಿ, ಓಡಿ ಸೋ... " ಅಷ್ಟಕ್ಕೇ ನಿಲ್ಲಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಶ್ವೇತಾ ನಿಂತಿದ್ದಳು. ಕೈಯಲ್ಲಿ ಅರ್ಧ ಕಚ್ಚಿದ ಪೇರಲ ಹಣ್ಣು. ಉಳಿದರ್ಧ ಹಿಂದೆ ನಿಂತ ರೇಣುಕಾಳ ಬಾಯಲ್ಲಿತ್ತು.

"ಸರ್, ನಾವು ಮತ್ತ ಓಡತೀವ್ರಿ. ನಿಮ್ಮ ಫೋಟೊ ನೋಡೂದು ಮುಗಿಯಾಂಗಿಲ್ಲ."

"ಏ ಶ್ವೇತಾ, ಕಾಲು ಸೋತಾವು ನಿನ್ನವು" ಎಂದರು ಅವಳ ತಂದೆ.

"ಆಕಿವೂ ಸೋತಾವಲ್ಲ ಪಪ್ಪಾ. ಸರೀಸಮ ಐತಿ."

ರೇಣುಕಾ ಹಣ್ಣು ನುಂಗಿ ತಲೆಯಾಡಿಸಿದಳು. "ಹೌದ್ರಿ. ಹೊತ್ತು ಮುಳುಗೂದರಾಗ ಓಡೂಣು. ಗಾಡಿ ಐತಿ ನಮ್ಮದು." ಅಣ್ಣಪ್ಪ ಅಷ್ಟರಲ್ಲೇ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಬಾಗಿಲಲ್ಲಿ ಪೇರಲ ಹಣ್ಣು ಹಿಡಿದ ಆ ಇಬ್ಬರ ಒಂದು ಫೋಟೊ ತೆಗೆದ.

ಮೆರವಣಿಗೆ ಮರಳಿ ಮೈದಾನಕ್ಕೆ ಹೋಯಿತು. ಈ ಸಲ ಹಿರೇಮಠ ಸರ್ ಕೂಡ ಕಚೇರಿಗೆ ಬೀಗ ಹಾಕಿ ಬಂದರು. ಮನೆಗೆ ಹೊರಟಿದ್ದ ಶಾಲೆಗಳ ಮಕ್ಕಳೆಲ್ಲ ಬಸ್ಸು ಬಿಟ್ಟು ಓಡಿ ಬಂದರು. ಬಿಸಿಲು ಕೇಸರಿಯಾಗಿತ್ತು. ಇಬ್ಬರೇ ಹುಡುಗಿಯರು ಅಷ್ಟು ದೊಡ್ಡ ಮೈದಾನದಲ್ಲಿ ಗೆರೆಯ ಮೇಲೆ ಬಾಗಿ ನಿಂತರು. ರೇಣುಕಾಳ ತಾಯಿ ಕಟ್ಟೆಯ ಮೇಲೆ ಕೂರಲಿಲ್ಲ. ಗೆರೆಯ ಹತ್ತಿರವೇ ಹೋಗಿ ನಿಂತರು.

ಸೀಟಿ. ಮೊದಲ ತಿರುವಿನಲ್ಲಿ ಮತ್ತೆ ಶ್ವೇತಾಳೇ ಮುಂದೆ. ಆಚೆ ಬದಿಯಲ್ಲಿ ಅಂತರ ಹೆಚ್ಚಿತು. ಪಾಟೀಲ ಸರ್ ಕಣ್ಣು ಮುಚ್ಚಿಕೊಂಡು, "ಏನಾತು? ಏನಾತು?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಹತ್ತಕ್ಕೆ ಎಳೆದಿದ್ದೆ. ಅದರಲ್ಲಿ ಕಂಡದ್ದು ಒಂದು ಮೊಣಕಾಲು, ಆಮೇಲೆ ಖಾಲಿ ಸುಣ್ಣದ ಗೆರೆ, ಆಮೇಲೆ ಯಾರದೋ ಛತ್ರಿ. ಕೊನೆಯ ತಿರುವಿನಲ್ಲಿ ಜನರ ಕೂಗು ಬದಲಾಯಿತು. ಕ್ಯಾಮೆರಾ ಕೆಳಗೆ ಬಿಟ್ಟೆ. ಅದು ಕೊರಳಲ್ಲಿ ಜೋತಾಡಿ ಎದೆಗೆ ಬಡಿಯಿತು. ಬರಿಗಣ್ಣಿನಲ್ಲಿ ಇಡೀ ಮೈದಾನ ಕಂಡಿತು. ಬರಿಗಾಲ ಹುಡುಗಿ ತಿರುವಿನ ಒಳಬದಿಯಿಂದ ಧೂಳೆಬ್ಬಿಸುತ್ತ ಬರುತ್ತಿದ್ದಳು. ಸಮಕ್ಕೆ ಬಂದಳು. ಮುಂದಾದಳು! ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ಕೂಗಿದೆನೆಂದು ಹಿರೇಮಠ ಸರ್ ಆಮೇಲೆ ಹೇಳಿದರು. ರೇಣುಕಾ ದಾರ ಹರಿದಾಗ ಶ್ವೇತಾ ಎರಡು ಮಾರು ಹಿಂದಿದ್ದಳು. ಹಿಂದಿನಿಂದ ಬಂದವಳು ನಿಲ್ಲಲಾಗದೆ ಅವಳ ಬೆನ್ನಿಗೇ ಬಿದ್ದಳು. ಇಬ್ಬರೂ ಹುಲ್ಲಿನ ಮೇಲೆ ಉರುಳಿ ನಗತೊಡಗಿದರು.

"ಸಿಕ್ಕಿತೇನು?" ಎಂದು ನಾನು ಅಣ್ಣಪ್ಪನನ್ನು ಹಿಡಿದು ಅಲುಗಾಡಿಸಿದೆ.

"ಎಲ್ಲಿದು? ಪೇರಲ ಹಣ್ಣಿಗೆ ಕಾರ್ಡು ತುಂಬೇತಿ" ಎಂದ. ಆಮೇಲೆ, "ನಿಂದು?" ಎಂದು ಕೇಳಿದ. ನಾನು ಕೊರಳಲ್ಲಿ ಸುಮ್ಮನೆ ಜೋತುಬಿದ್ದಿದ್ದ ಕ್ಯಾಮೆರಾವನ್ನು ತೋರಿಸಿದೆ.

ರೇಣುಕಾಳ ತಾಯಿ ಬುತ್ತಿಯ ಗಂಟು ಬಿಚ್ಚಿ, ಗೆರೆಯ ಹತ್ತಿರ ನಿಂತ ಎಲ್ಲರ ಕೈಗೂ ಒಂದೊಂದು ತುಂಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ಶ್ವೇತಾಳ ತಂದೆಗೂ ಇಟ್ಟರು. "ತಿನ್ನರಿ ಅಣ್ಣಾರ, ನಿಮ್ಮ ಮಗಳು ಭಾಳ ಚೊಲೊ ಓಡತಾಳ" ಎಂದರು. ಯಜಮಾನರು ತಾಯಿ ಮಗಳಿಬ್ಬರನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ರೈಲು ನಿಲ್ದಾಣಕ್ಕೆ ಬಿಟ್ಟು ಬಂದರು.

ಗೆದ್ದ ಓಟದ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಪೇರಲ ಹಣ್ಣಿನ ಫೋಟೊ ಎರಡು ಕಾಲಮ್ಮಿಗೆ ಬಂತು. ಅದನ್ನು ದೊಡ್ಡ ಅಳತೆಯಲ್ಲಿಯೇ ಹುಬ್ಬಳ್ಳಿಗೆ ಕಳಿಸಿದೆವು. ಅದು ಇಳಿದು ಮುಗಿಯುವವರೆಗೆ ಹಿರೇಮಠ ಸರ್ ಒಳಗಿನ ಕೋಣೆಯ ಫೋನಿನ ಮುಂದೆ ಕಾವಲು ಕೂತರು. ಸೋಮವಾರ ಅಂಗಡಿಯವರು ಬಂದಾಗ ಮೂರರ ಕ್ಯಾಮೆರಾವನ್ನು ಇಟ್ಟುಕೊಂಡು ಹತ್ತರದನ್ನು ಹಿಂದಿರುಗಿಸಲಾಯಿತು. ಕುಂದಾ ಕೊಡಿಸಿದೆ.

ರೇಣುಕಾ ಆ ವರ್ಷದ ರಾಜ್ಯ ಕೂಟದಲ್ಲಿ ಐದನೆಯವಳಾಗಿ ಬಂದಳು. ಮರುವರ್ಷ ಕ್ರೀಡಾ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದಿದಳು. ಈಗ ಅವರು ಖಾನಾಪುರ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಈ ವರ್ಷದ ತಾಲೂಕು ಕ್ರೀಡಾಕೂಟದಲ್ಲಿ ಬಾಲಕಿಯರ ಓಟಗಳಿಗೆ ಮುಕ್ತಾಯದ ಗೆರೆಯ ಬಳಿ ನಿಂತ ಮೂವರು ತೀರ್ಪುಗಾರರಲ್ಲಿ ಅವರೂ ಒಬ್ಬರು.